ಸಿದ್ದು ಇಲ್ಲ... ಆ ಆಡಿಯೋ ಅಳಿಸಿಬಿಡಿ

ಇಲ್ಲ... ಇದು ಸುಳ್ಳು...
ಕಣ್ಣಾರೆ ನೋಡಿ ಬಂದ ಮೇಲೂ ಹಾಗೇ ಅನ್ನಿಸುತ್ತಿದೆ.

ಅಫಜಲಪುರದ ನಮ್ಮ ಸಿದ್ದು ಹೋಗಿಬಿಟ್ಟ.
ಇವತ್ತು ಬೆಳಿಗ್ಗೆ... ಹೃದಯಾಘಾತವಂತೆ.
ಮದುವೆ ವಿಡಿಯೋ ಎಡಿಟ್ ಮಾಡುವ ಸಿದ್ದು. ಮೊನ್ನೆ ತಾನೆ ಫೋನಿನಲ್ಲಿ ನನ್ನ ಜೊತೆ ಜಗಳಾಡಿದ ಸಿದ್ದು.
ಬರೆದದ್ದರಲ್ಲಿ ತಪ್ಪಿದ್ದರೆ ಕ್ಷಮಿಸಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಶಾಲೆಯ ಮಕ್ಕಳು ದೊಡ್ಡ ದೊಡ್ಡ ರೋಬೋಟ್‌ಗಳ ಎದೆಯೊಳಗೆ ಕುಳಿತು ಓಡಿಸುವ ಆ ಜಪಾನಿ ಕಾರ್ಟೂನ್ ಸೀರಿಯಲ್ಲು...
ಅದಕ್ಕೆ ನಮ್ಮ ಕಡೆಯ ಮಾತು ಕೊಟ್ಟವನು ಇವನೇ.
ನಾಲ್ಕು ಜನರ ಟೀಮು ನಮ್ಮದು. ಸಿದ್ದು, ಅವನ ತಂಗಿ ಅಂಬಿಕಾ, ಜೇವರ್ಗಿಯ ಮೆಹಬೂಬ್, ಆಳಂದದಲ್ಲಿ ಮಾಸ್ತರಿಕೆ ಮಾಡುವ ನಾನು.
ಮುದುಕ ವಿಜ್ಞಾನಿಯ ದನಿ ನನ್ನದು. ರಾಕ್ಷಸರೆಲ್ಲ ಮೆಹಬೂಬನ ಪಾಲು.
ಸಿದ್ದು, ಅಂಬಿಕಾ... ಕಥೆಯಲ್ಲೂ ಅಣ್ಣ-ತಂಗಿ.
ಪುಕ್ಕಟೆ ಕೆಲಸ. ಹುಚ್ಚು, ಅಷ್ಟೇ.

“ಜಪಾನ್ ಹುಡುಗಿ ಸಿಟ್ಟಿಗೆದ್ರ ಏನರ ಅನ್ಲಿ ಬಿಡ್ರಿ ಸರ. ನಮ್ಮ ಹುಡುಗಿ ‘ಮಂಗ್ಯಾನ ಮಗನ, ಸರಿ ಆ ಕಡಿ’ ಅಂತಾಳ” ಅನ್ನುತ್ತಿದ್ದ.
ಕರಜಗಿಯ ಮಕ್ಕಳು ಬಸ್ಸಿನಲ್ಲಿ ಅದೇ ಡೈಲಾಗ್ ಹೊಡೆದು ಕಂಡಕ್ಟರ್ ಕೈಲಿ ಬೈಸಿಕೊಂಡಿದ್ದಾರೆ.

ಕೊನೆಯ ಭಾಗ ಮಾತ್ರ ಉಳಿದಿತ್ತು...
ಅದರಲ್ಲಿ ಅಣ್ಣ ಯುದ್ಧ ಗೆಲ್ಲುತ್ತಾನೆ. ಆದರೆ ರೋಬೋಟ್‌ನಿಂದ ಹೊರಗೆ ಬರುವುದಿಲ್ಲ. ಒಳಗೇ ಸತ್ತಿರುತ್ತಾನೆ. ತಂಗಿ ಅವನ ಮುಂದೆ ಕುಳಿತು ಅಳಬೇಕು.
ಮೂಲದಲ್ಲಿ ಆ ಹುಡುಗಿ ಸುಮ್ಮನೆ ಕಣ್ಣೀರು ಸುರಿಸುತ್ತಾಳೆ.
ಸಿದ್ದು ಒಪ್ಪಲಿಲ್ಲ. ಮೊನ್ನೆಯ ಜಗಳವೂ ಇದಕ್ಕೇ. “ನಮ್ಮ ಮಂದ್ಯಾಗ ಹಿಂಗ ಬಾಯಿ ಮುಚ್ಕೊಂಡು ಅಳ್ತಾರೇನ್ರೀ? ಹಾಡ್ಯಾಡಿ ಅಳಬೇಕು!”
ನಮ್ಮ ಹೆಣ್ಣುಮಕ್ಕಳು ಸತ್ತವರ ಒಂದೊಂದೇ ಗುಣ ಎಣಿಸುತ್ತಾ, ಕರೆಯುತ್ತಾ, ರಾಗವಾಗಿ ಅಳುತ್ತಾರಲ್ಲ... ಹಾಗೆ.
ಅಂಬಿಕಾಗೆ ಬರಲೇ ಇಲ್ಲ. ಬಾಯಿ ತೆರೆದರೆ ನಗು.
“ಜೀವಂತ ಅದಿಯಲ್ಲೋ ಯಣ್ಣಾ, ಹ್ಯಾಂಗ ಅಳ್ಲಿ?”

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆ.
ಸಿದ್ದುವಿನ ನಂಬರಿನಿಂದ ನಮ್ಮ ಗ್ರೂಪಿಗೆ ಒಂದು ಆಡಿಯೋ ಬಂತು. ಅಂಬಿಕಾಳ ದನಿ.
“ಯಣ್ಣಾ... ಬಾಗಿಲಾ ಹಾಕ್ಕೊಂಡು ಒಳಗ ಕುಂತ್ಯೋ ಯಣ್ಣಾ... ಎಷ್ಟು ಕರದ್ರೂ ಹೊರಗ ಬರ್ಲಿಲ್ಲೋ... ಇನ್ನ ಯಾರಿಗಿ ಅಣ್ಣ ಅನ್ಲೋ ನನ ಯಣ್ಣಾ...”
ಮೈ ಜುಮ್ಮೆಂದಿತು.
“ಭಾರಿ ಆತವಾ ಅಂಬಿಕಾ! ಇದೇ ಇರ್ಲಿ” ಎಂದು ಬರೆದೆ.
ಮೆಹಬೂಬ್ ಬರೆದ... “ಕ್ಯಾ ಬಾತ್ ಹೈ! ಹಿಂದಿನ ಗದ್ಲ ಒಂದಿಷ್ಟು ಕಡಿಮಿ ಮಾಡ್ರಿ.”
ಆ ಗದ್ದಲ ಸಿದ್ದುವಿನ ಅವ್ವನದು.

ಖುಷಿ ತಡೆಯಲಾರದೆ ಮೆಹಬೂಬ್ ಅದನ್ನು ರೋಬೋಟ್ ಚಿತ್ರಕ್ಕೆ ಜೋಡಿಸಿ, ‘ಕೊನೆಯ ಭಾಗದ ಟ್ರೇಲರ್’ ಎಂದು ನಮ್ಮ ಪೇಜಿಗೆ ಹಾಕಿಬಿಟ್ಟ.
ಆಮೇಲೆ ಸಿದ್ದುವಿನ ಕಾಕಾ ಫೋನ್ ಮಾಡಿದರು...

ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ದಪ್ಪ ಕೌದಿ ತೂಗುಹಾಕಿದ ಕೋಣೆ ಅವನ ಸ್ಟುಡಿಯೋ. ರೆಕಾರ್ಡಿಂಗ್ ಇದ್ದಾಗ ಒಳಗಿನಿಂದ ಚಿಲಕ. ಕರೆದರೂ ಓಗೊಡದಿದ್ದರೆ ಮನೆಯಲ್ಲಿ ಯಾರಿಗೂ ಚಿಂತೆಯಿರಲಿಲ್ಲ.
ಇವತ್ತು ಬಾಗಿಲು ಮುರಿದಾಗ ಕುರ್ಚಿಯಲ್ಲೇ ಇದ್ದನಂತೆ. ಕಿವಿಯಲ್ಲಿ ಹೆಡ್‌ಫೋನ್.
ನಮಗೆ ತಿಳಿಸಬೇಕೆಂದು ಅಂಬಿಕಾ ಅವನ ಮೊಬೈಲ್ ಎತ್ತಿಕೊಂಡು ಮೈಕ್ ಒತ್ತಿದ್ದಾಳೆ. ಮಾತು ಬಂದಿಲ್ಲ. ಅಳು ಬಂದಿದೆ.
ನಾವು ಶಹಬ್ಬಾಸ್ ಅಂದೆವು...

ಲೇ ಸಿದ್ದ್ಯಾ...
ಏನ್ ಮಾಡ್ಕೊಂಡು ಕುಂತಿಯೋ ಇದು?
ಎದಿ ನೋಯಾಕತ್ತೈತಿ ಅಂತ ಒಂದು ಮಾತು ಹೇಳಾಕ ಏನಾಗಿತ್ತಲೇ ನಿನಗ?
ಊರ ಮಂದಿಗೆಲ್ಲ ಮಾತು ಕಲಿಸಾಂವ... ನಿಂದು ನೀ ಹೇಳಲಿಲ್ಲಲ್ಲೋ!
ಎದ್ದು ಬೈಯಲೇ ನನಗ. ‘ಸರ, ಖರೇ ಅಳು ಯಾವ್ದು, ಸುಳ್ಳು ಅಳು ಯಾವ್ದು ತಿಳಿಯಂಗಿಲ್ಲೇನ್ರೀ ನಿಮಗ’ ಅಂತ ಒಂದು ಸಲ ಬೈದುಬಿಡು...
ಬೈಸ್ಕೊಂತೇನಿ.

ಸಿಕ್ಕ ಬಸ್ ಹಿಡಿದು ಬಂದೆ. ಕಲಬುರಗಿಯಲ್ಲಿ ಮೆಹಬೂಬ್ ಹತ್ತಿದ.
ಸಿದ್ದುವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಪಕ್ಕದಲ್ಲಿ ಅಂಬಿಕಾ. ಅವಳ ಅಳು ನಿಂತುಹೋಗಿತ್ತು.
ಮೆಹಬೂಬ್ ಅವಳ ಮುಂದೆ ಕುಸಿದು ಕುಳಿತ. “ಮಾಫ್ ಮಾಡವಾ ತಂಗಿ... ಪೇಜಿನಾಗಿಂದು ತಗದೇನಿ... ಖರೇನ ತಗದೇನಿ...”

ಅಷ್ಟರಲ್ಲಿ ಅದು ಊರೂರು ತಿರುಗಿಯಾಗಿತ್ತು.
ಸಾವಿನ ಮನೆಯ ಅಂಗಳದಲ್ಲೇ ಯಾರದೋ ಮೊಬೈಲಿನಲ್ಲಿ ಅದೇ ದನಿ... “ಯಣ್ಣಾ...”
ಅವ್ವ ತಿರುಗಿ ಮಗಳ ಮುಖ ನೋಡಿದರು. ಮಗಳ ಬಾಯಿ ಮುಚ್ಚಿತ್ತು.
ಆ ಕ್ಷಣ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ನಿಮಗೆಲ್ಲ ಕೈಮುಗಿದು ಕೇಳುತ್ತೇನೆ...
ಆ ಆಡಿಯೋ ಯಾರ ಫೋನಿನಲ್ಲಿದ್ದರೂ ಅಳಿಸಿಬಿಡಿ. ಸ್ಟೇಟಸ್‌ಗೆ ಹಾಕಿದ್ದರೆ ತೆಗೆಯಿರಿ. ಫಾರ್ವರ್ಡ್ ಮಾಡಿದವರಿಗೆ ಫೋನ್ ಮಾಡಿ ಹೇಳಿ. ಅದು ಟ್ರೇಲರ್ ಅಲ್ಲ.

ಅಲ್ಲಿ ಕುಳಿತಿದ್ದಾಗಲೇ ಪೇಜಿಗೆ ಕರಜಗಿಯ ಒಂದು ಶಾಲೆ ಹುಡುಗಿಯ ಮೆಸೇಜ್ ಬಂತು.
“ಸರ್, ಟ್ರೇಲರ್ ಕೇಳಿ ಭಾಳ ಅಳು ಬಂತ್ರಿ. ಅಣ್ಣನ್ನ ಸಾಯಿಸಬ್ಯಾಡ್ರಿ. ಮಾತು ನೀವೇ ಬರೀತೀರಲ್ರೀ... ಕಥೀ ಬದ್ಲಿ ಮಾಡ್ರಿ ಸರ್.”
ಓದಿ ಫೋನ್ ಮಗುಚಿ ಇಟ್ಟೆ.
ಅಂಬಿಕಾ ಕೈ ಚಾಚಿದಳು. “ಕೊಡ್ರಿ ಸರ ಇಲ್ಲಿ.”
ಓದಿದಳು. ಅಣ್ಣನ ಮುಖ ನೋಡಿದಳು. ಆಮೇಲೆ ತಾನೇ ಉತ್ತರ ಬರೆದು ಕಳಿಸಿದಳು.

“ನನ್ನ ಕೈಯಾಗ ಇದ್ದಿದ್ರ ಬದ್ಲಿ ಮಾಡ್ತಿದ್ದೆ ತಂಗೀ.”

ಹೋಗಿ ಬಾರೋ ಸಿದ್ದು...
ಬಸವ ತಂದೆಯ ಮಡಿಲಲ್ಲಿ ನಿನ್ನ ಜೀವ ತಣ್ಣಗಿರಲಿ.
ಶರಣು ಶರಣಾರ್ಥಿ... 🙏