ಶಾಸಕರ ಪರವಾಗಿ ಬಂದವನು

ರೇವಣಸಿದ್ದ ಶಾಸಕ ಸುಂದರೇಶರನ್ನು ಮೊದಲ ಸಲ ಕಂಡದ್ದು ಏಣಿಯ ಮೇಲಿಂದ. ಕುವೆಂಪುನಗರದ ಒಂದು ಮನೆಯ ಮುಂದೆ ಮದುವೆಗೆ ಶಾಮಿಯಾನ ಏಳುತ್ತಿತ್ತು. ಅವನು ಹುರಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹಳದಿ ಬಟ್ಟೆಯ ಅಂಚನ್ನು ಕಂಬಕ್ಕೆ ಬಿಗಿಯುತ್ತಿದ್ದ. ಕೆಳಗೆ ಶಾಮಿಯಾನ ಅಂಗಡಿಯ ಯಜಮಾನ ಕಾಳಯ್ಯನವರು, ಬಾಳೆಕಂಬ ಗೇಟಿನ ಒಳಗೋ ಹೊರಗೋ ಎಂದು ಮನೆಯವರ ಜೊತೆ ವಾದಕ್ಕಿಳಿದಿದ್ದರು. ಅಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಬಿಳಿ ಅಂಗಿ, ಬಿಳಿ ಪಂಚೆಯ ದಪ್ಪನೆಯ ವ್ಯಕ್ತಿಯೊಬ್ಬರು ಇಳಿದರು. ಮುಖ ಬಾಡಿತ್ತು, ಕೈ ಮುಗಿದಿತ್ತು. ಅವರ ಹಿಂದೆ ಒಬ್ಬ ಎರಡೂ ತೋಳಿನ ಮೇಲೆ ಹೆಣದ ಉದ್ದಕ್ಕೂ ಬರುವಷ್ಟು ದೊಡ್ಡ ಸುಗಂಧರಾಜದ ಹಾರ ಹೊತ್ತು ಬರುತ್ತಿದ್ದ. ಅಂಥ ಹಾರವನ್ನು ಬದುಕಿರುವವರಿಗೆ ಯಾರೂ ಹಾಕುವುದಿಲ್ಲ.

ಬಾಗಿಲಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದ ಮದುಮಗಳ ತಾಯಿ ಹಾರವನ್ನು ನೋಡಿ ಅಲ್ಲೇ ಕಲ್ಲಾದರು. ರೇವಣಸಿದ್ದನಿಗೆ ತಕ್ಷಣ ಗೊತ್ತಾಯಿತು. ಪಕ್ಕದ ಕ್ರಾಸಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ಆ ಮನೆಗೂ ಬೆಳಿಗ್ಗೆ ಶಾಮಿಯಾನ ಹಾಕಿ ಬಂದವನು ಅವನೇ. ಏಣಿಯಿಂದ ಅರ್ಧಕ್ಕೇ ಧುಮುಕಿದ.

"ಸಾರ್, ಸಾರ್, ನಿಂತ್ಕಳಿ! ಇದು ಮದುವೆ ಮನೆ. ಸಾವಾಗಿರೋದು ಪಕ್ಕದ ಕ್ರಾಸು."

ಹೇಳುತ್ತಲೇ ಹಾರವನ್ನು ಕಿತ್ತುಕೊಂಡು, ಮಡಿಸಿಟ್ಟಿದ್ದ ಬಟ್ಟೆಯ ಗಂಟಿನ ಹಿಂದೆ ಹಾಕಿದ. ಸುಂದರೇಶರು ಹೆಜ್ಜೆ ಕೂಡ ತಪ್ಪಲಿಲ್ಲ. ಬಾಡಿದ್ದ ಮುಖ ನೋಡುನೋಡುತ್ತಿದ್ದಂತೆ ಅರಳಿತು. "ಎಲ್ಲಮ್ಮಾ ನಮ್ಮ ಮದುಮಗಳು? ಆಶೀರ್ವಾದ ಮಾಡಿ ಹೋಗೋಣ ಅಂತ ಬಂದೆ" ಎಂದು ಒಳಗೇ ನಡೆದರು. ಹೊರಗೆ ಬಂದಾಗ ರೇವಣಸಿದ್ದನ ಹೆಗಲ ಮೇಲೆ ಕೈಯಿಟ್ಟರು. "ನೀನಿಲ್ದೆ ಇದ್ದಿದ್ರೆ ಇವತ್ತು ನನ್ನ ಮಾನ ಹರಾಜಾಗ್ಬುಡ್ತಿತ್ತು ಕಣಯ್ಯ. ನಾಳೆ ಆಫೀಸಿಗೆ ಬಾ."

"ಹೋಗಪ್ಪ, ಹೋಗು. ಇಲ್ಲಿ ಬಿಸಿಲಲ್ಲಿ ಏಣಿ ಹತ್ತೋದಕ್ಕಿಂತ ಅಲ್ಲಿ ನೆರಳಲ್ಲಿ ಕೈ ಮುಗಿಯೋದು ಸಲೀಸು" ಎಂದು ಕಾಳಯ್ಯನವರು ರೇಗಿಸಿದರು. ಹಳ್ಳಿಯಿಂದ ಬರಿಗೈಯಲ್ಲಿ ಬಂದ ಅವನಿಗೆ ಅನ್ನ, ಕೆಲಸ, ಮಲಗಲು ಅಂಗಡಿಯ ಅಟ್ಟ ಕೊಟ್ಟವರು ಅವರು. ಬೇಡ ಎಂದಿದ್ದರೆ ಅವನು ಹೋಗುತ್ತಿರಲಿಲ್ಲ. ಅವರು ಬೇಡ ಎನ್ನಲಿಲ್ಲ.

ಆಫೀಸಿನಲ್ಲಿ ಹೇಳಿದ ಕೆಲಸ ಸುಲಭದ್ದೇ. ಕ್ಷೇತ್ರದಲ್ಲಿ ದಿನ ಬೆಳಗಾದರೆ ಮದುವೆ, ಸಾವು, ಗೃಹಪ್ರವೇಶ, ನಾಮಕರಣ. ಶಾಸಕರು ಎಲ್ಲ ಕಡೆಗೂ ಹೋಗಲಾರರು, ಹೋಗದೆ ಇರಲೂ ಆಗದು. ವಿಧಾನಸಭೆಯಲ್ಲಿ ಅವರು ಏನು ಮಾತಾಡಿದರು ಎಂದು ಯಾರೂ ಕೇಳುವುದಿಲ್ಲ, "ನಮ್ಮಪ್ಪ ಹೋದಾಗ ಬಂದಿದ್ರಾ?" ಎಂದು ಕೇಳುತ್ತಾರೆ. ಅದಕ್ಕೆ ರೇವಣಸಿದ್ದ ಬಿಳಿ ಅಂಗಿ ತೊಟ್ಟು, ಸಂದರ್ಭ ನೋಡಿಕೊಂಡು ಹಾರವನ್ನೋ ಶಾಲನ್ನೋ ಹಿಡಿದು ಹೋಗಬೇಕು. "ಶಾಸಕರ ಪರವಾಗಿ ಬಂದಿದ್ದೀನಿ. ಅಧಿವೇಶನ ಇದೆ, ಇಲ್ದಿದ್ರೆ ಅವರೇ ಬರೋರು" ಎನ್ನಬೇಕು. ಒಂದು ಫೋಟೋ ತೆಗೆಸಿ ಆಫೀಸಿಗೆ ಕಳಿಸಬೇಕು.

ಸುಲಭ ಎಂದುಕೊಂಡದ್ದು ಹೋಗುತ್ತಾ ಹೋಗುತ್ತಾ ತಲೆ ಕೆಡಿಸಿತು. ಸಾವಿನ ಮನೆಯಲ್ಲಿ ಅವನಿಗೆ ಬೇಗ ಅಳು ಬರುತ್ತಿತ್ತು. ಸತ್ತವರ ಗುರುತೇ ತನಗಿಲ್ಲ, ಹಾಗಾದರೆ ಇದು ಶಾಸಕರ ಅಳುವೇ? ಅವರಿಗೂ ಗುರುತಿಲ್ಲವಲ್ಲ! ಗೃಹಪ್ರವೇಶದಲ್ಲಿ ಹಾಲು ಉಕ್ಕಿದಾಗ ಅವನಿಗೆ ನಿಜವಾಗಿ ಸಂತೋಷವಾಗುತ್ತಿತ್ತು. ಅದನ್ನು ಯಾರ ಲೆಕ್ಕಕ್ಕೆ ಹಾಕುವುದು? ಹೆಂಡತಿ ಮಂಜುಳಾಗೆ ಇದೊಂದು ತಮಾಷೆ. ರಾತ್ರಿ ಊಟಕ್ಕೆ ಕೂತಾಗ ಕೇಳುವಳು: "ಮಧ್ಯಾಹ್ನ ಮದುವೆ ಮನೇಲಿ ಉಂಡಿದ್ದು ನೀವೋ, ಶಾಸಕರೋ? ಶಾಸಕರಾದ್ರೆ ನಿಮಗಿನ್ನೊಂದು ಮುದ್ದೆ ಇಕ್ತೀನಿ."

ಜನರು 'ಪರವಾಗಿ' ಎಂಬ ಮಾತನ್ನು ಬೇಗ ಮರೆತರು. ಗೋಕುಲಂನ ಒಂದು ನಾಮಕರಣದಲ್ಲಿ ಅಜ್ಜಿಯೊಬ್ಬಳು "ಎಮ್ಮೆಲ್ಲೆ ಬಂದ್ರು, ಏಳ್ರೋ" ಎಂದು ಮಗುವನ್ನು ಅವನ ಮಡಿಲಿಗೇ ಹಾಕಿದಳು. ಪಿಂಚಣಿ, ನಲ್ಲಿ, ಬೀದಿದೀಪ ಎಲ್ಲವನ್ನೂ ಅವನಿಗೇ ಹೇಳಿಕೊಂಡರು. ಅವನು ಒಂದನ್ನೂ ಬಿಡದೆ ಆಫೀಸಿಗೆ ಮುಟ್ಟಿಸಿದ. ಕೆಲಸವಾದರೆ ಅವನಿಗೆ ಶಾಲು, ಆಗದಿದ್ದರೆ ಅವನಿಗೇ ಬೈಗುಳ. ಚುನಾವಣೆ ಬಂದಾಗ ಸುಂದರೇಶರ ಕರಪತ್ರ ಹಿಡಿದು ಮನೆಮನೆ ತಿರುಗಿದರೆ, "ನಿಮಗೇ ಹಾಕ್ತೀವಿ ಬುಡಿ ಸಿದ್ದಣ್ಣ" ಎಂದರು. ಮತ ಹಾಕುವ ದಿನ ಯಂತ್ರದ ಮುಂದೆ ನಿಂತವನು ಹೆಸರುಗಳ ಪಕ್ಕದ ಸಣ್ಣ ಫೋಟೋಗಳಲ್ಲಿ ಒಂದು ಕ್ಷಣ ತನ್ನದೇ ಮುಖ ಹುಡುಕಿದ. ಆಮೇಲೆ ನಾಚಿಕೆಯಾಗಿ ಸುಂದರೇಶರ ಗುಂಡಿ ಒತ್ತಿ ಹೊರಬಂದ. ಸುಂದರೇಶರು ಗೆದ್ದರು.

ಕಾಳಯ್ಯನವರು ಅವನಲ್ಲಿ ಕೇಳಿದ್ದು ಒಂದೇ. ಅವರ ಕೇರಿಯವರ ಸ್ಮಶಾನಕ್ಕೆ ಹೋಗುವ ದಾರಿ ಮಳೆ ಬಂದರೆ ಕೆರೆಯಾಗುತ್ತಿತ್ತು. ಹೆಣ ಹೊತ್ತವರು ಮೊಣಕಾಲುದ್ದ ಕೆಸರಲ್ಲಿ ಹೋಗಬೇಕು. "ಒಂದಷ್ಟು ಜಲ್ಲಿ ಹಾಕಿಸಿದ್ರೆ ಸಾಕು ಕಣೋ ಸಿದ್ದ" ಎಂದರು. ಅವನು ಆಫೀಸಿಗೆ ಹೇಳಿದ. ಮಳೆಗಾಲ ಕಳೆದು ಇನ್ನೊಂದು ಬಂತು. ಅವರು ಮತ್ತೆ ಕೇಳಿದರು.

"ಹೇಳಿದ್ದೀನಿ ಕಾಳಣ್ಣ, ಮಾಡಿಸ್ತಾರೆ."

"ಮಾಡಿಸ್ತಾರೆ ಅಂತ ನೀನು ಹೇಳ್ತಿದ್ದೀಯೋ, ಅವರು ಹೇಳಿದ್ರೋ?"

ಆಫೀಸಿನಲ್ಲಿ ಯಾರೋ ತಲೆಯಾಡಿಸಿದ್ದು ನೆನಪಿತ್ತು. ಅದು ಸುಂದರೇಶರ ಮಾತೇ, ತಾನು ಅದಕ್ಕೆ ಕೊಟ್ಟುಕೊಂಡ ಅರ್ಥವೇ ಎಂಬುದು ಅವನಿಗೆ ತಿಳಿಯಲಿಲ್ಲ. ಸುಮ್ಮನೆ ನಕ್ಕ. ಕಾಳಯ್ಯನವರು ನಗಲಿಲ್ಲ.

ಆಷಾಢದ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಆಫೀಸಿನಿಂದ ಫೋನ್ ಬಂತು. "ಕಾಳಯ್ಯ ಅಂತ, ಶಾಮಿಯಾನದೋರು, ತೀರ್ಕೊಂಡ್ರಂತೆ. ಹಾರ ಹೂವಿನಂಗಡೀಲಿ ರೆಡಿ ಇದೆ. ಬೇಗ ಹೋಗಿ ಬಂದ್ಬುಡಿ."

ತನ್ನನ್ನು ಸಾಕಿದವರ ಸಾವು ಅವನಿಗೆ ಡ್ಯೂಟಿಯಾಗಿ ಬಂದಿತ್ತು. ಅವನು ಹೂವಿನಂಗಡಿಗೆ ಹೋಗಿ ಶಾಸಕರ ಹಾರ ತೆಗೆದುಕೊಂಡ, ತನ್ನದೆಂದು ಇನ್ನೊಂದು ಚಿಕ್ಕ ಹಾರ ಕಟ್ಟಿಸಿದ. ದಾರಿಯುದ್ದಕ್ಕೂ ಒಂದೇ ಯೋಚನೆ: ಯಾವುದನ್ನು ಮೊದಲು ಹಾಕುವುದು? ಶಾಸಕರದ್ದು ಮೊದಲೆಂದರೆ ಕಾಳಣ್ಣನಿಗೆ ಅವಮಾನ. ತನ್ನದು ಮೊದಲೆಂದರೆ ಫೋಟೋದಲ್ಲಿ ಯಾರ ಹಾರ ಕಾಣುತ್ತದೆ?

ಗೇಟಿನಲ್ಲಿ ಕಾಳಯ್ಯನವರ ಮಗಳು ತೇಜಸ್ವಿನಿ ನಿಂತಿದ್ದಳು. ಅವನು ಎತ್ತಿ ಆಡಿಸಿದ ಹುಡುಗಿ. ಈಗ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಕಣ್ಣು ಕೆಂಪಗಿದ್ದರೂ ದನಿ ಗಟ್ಟಿಯಾಗಿತ್ತು.

"ಯಾರಾಗಿ ಬಂದ್ರಿ ಸಿದ್ದಣ್ಣ?"

ಅವನು ಕೈಯಲ್ಲಿದ್ದ ಎರಡೂ ಹಾರಗಳನ್ನು ನೋಡಿಕೊಂಡ.

"ಶಾಸಕರಾಗಿ ಬಂದಿದ್ರೆ ಬೀದೀಲೇ ನಿಂತ್ಕೊಂಡು, ಆ ದಾರಿ ಯಾಕೆ ಆಗ್ಲಿಲ್ಲ ಅಂತ ಇವರಿಗೆಲ್ಲ ಹೇಳಿ. ಅಪ್ಪನ್ನ ಇವತ್ತು ಅದರಲ್ಲೇ ಹೊತ್ಕೊಂಡು ಹೋಗ್ಬೇಕು. ನಮ್ಮ ಸಿದ್ದಣ್ಣ ಆಗಿ ಬಂದಿದ್ರೆ ಹಾರ ಇಟ್ಟು ಒಳಗೆ ಬನ್ನಿ. ಎರಡೂ ಆಗಿ ಮಾತ್ರ ಬರ್ಬೇಡಿ."

ಅವನು ಕಾಂಪೌಂಡ್ ಗೋಡೆಯ ಮೇಲೆ ಹಾರವಿಟ್ಟ. ಶಾಸಕರದ್ದನ್ನು ಮಾತ್ರವಲ್ಲ, ತನ್ನದನ್ನೂ ಇಟ್ಟ. ಒಳಗೆ ಹೋಗಿ ಕಾಳಯ್ಯನವರ ಕಾಲು ಹಿಡಿದು ಅತ್ತ. ಈ ಅಳು ಯಾರದೆಂದು ಆ ಹೊತ್ತಿನಲ್ಲಿ ಅವನು ಕೇಳಿಕೊಳ್ಳಲಿಲ್ಲ.

ಚಟ್ಟ ಎತ್ತುವಾಗ ಮುಂದಿನ ಹೆಗಲು ಅವನದಾಯಿತು. ದಾರಿ ಎನ್ನುವುದೇ ಕಾಣುತ್ತಿರಲಿಲ್ಲ, ಬರೀ ಕೆಂಪು ನೀರು. ಒಂದು ಕಡೆ ಕಾಲು ಹೂತು ಮೊಣಕಾಲೂರಿದ, ಚಟ್ಟ ಮಾತ್ರ ಬಾಗಲು ಬಿಡಲಿಲ್ಲ. ಆಗ ಹಿಂದಿನಿಂದ ಯಾರದೋ ಮಾತು ಕಿವಿಗೆ ಬಿತ್ತು.

"ನೋಡ್ರೋ, ಎಮ್ಮೆಲ್ಲೆ ಕಡೆಯೋರೇ ಕೆಸರಿಗೆ ಇಳಿದವ್ರೆ!"

"ಇನ್ನೇನ್ ಮತ್ತೆ. ದಾರಿ ಮಾಡಿಸ್ದೆ ಇದ್ರೂ ಹೆಗಲಾದ್ರೂ ಕೊಟ್ರಲ್ಲ."

'ಇದು ನಾನು ಕಣ್ರೋ, ನಾನೇ' ಎಂದು ಕೂಗಬೇಕೆನಿಸಿತು. ಹೆಣ ಹೊತ್ತವನು ಕೂಗುವುದೆಂತು?

ಸಂಜೆಯ ಹೊತ್ತಿಗೆ ಕೆಸರು ಮೆತ್ತಿದ ಬಿಳಿ ಅಂಗಿಯ ಫೋಟೋ ಕ್ಷೇತ್ರದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಸುಂದರೇಶರ ಮುಖವನ್ನೂ ಮೂಲೆಯಲ್ಲಿ ಅಂಟಿಸಿದ್ದರು. 'ಬಡವರ ದುಃಖಕ್ಕೆ ಹೆಗಲು ಕೊಟ್ಟ ಶಾಸಕರು' ಎಂದು ಕೆಳಗೆ ಬರೆದಿತ್ತು. ಸುಂದರೇಶರೇ ಫೋನ್ ಮಾಡಿದರು.

"ಸಿದ್ದ, ಎಂಥ ಕೆಲಸ ಮಾಡ್ದೆ ಕಣೋ! ಹತ್ತು ರಸ್ತೆ ಮಾಡಿಸಿದ್ರೂ ಇಷ್ಟು ಹೆಸರು ಬರ್ತಿರಲಿಲ್ಲ."

"ಸಾರ್, ನಾನು ನಿಮ್ಮ ಪರವಾಗಿ ಹೋಗಿರಲಿಲ್ಲ."

"ಮತ್ತೆ?"

"ನನ್ನ ಪರವಾಗಿ ಹೋಗಿದ್ದೆ."

"ಜನ ಹಂಗೆ ನೋಡಲಿಲ್ವಲ್ಲೋ" ಎಂದರು. ದನಿಯಲ್ಲಿ ಕುಹಕವಿರಲಿಲ್ಲ.

"ಆ ದಾರಿ ಸಾರ್?"

"ಅದು ಯಾವ ಇಲಾಖೆಗೆ ಸೇರಿದ ಜಾಗ ಅಂತಾನೇ ಯಾರೂ ಹೇಳ್ತಿಲ್ಲ. ಬರೆದು ಬರೆದು ಸಾಕಾಗಿದೆ. ಕಾನೂನು ಮಾಡೋಕೆ ಅಂತ ಕಳಿಸ್ತಾರೆ, ಮಾಡಿದ್ರೆ ಕೇಳೋರಿಲ್ಲ. ಮದುವೆಗೆ ಬಾ, ಮಣ್ಣಿಗೆ ಬಾ ಅಂತಾರೆ. ಬಂದ್ರೆ, ದಾರಿ ಎಲ್ಲಿ ಅಂತಾರೆ. ನನ್ನ ಕೆಲಸ ಯಾವುದು ಅಂತ ನಂಗೇ ಒಂದೊಂದ್ಸಲ ಗೊತ್ತಾಗಲ್ಲ ಕಣೋ."

ಸುಂದರೇಶರು ಸುಳ್ಳು ಹೇಳುತ್ತಿದ್ದಾರೆ ಎನಿಸಿದ್ದರೆ ಅವನಿಗೆ ಹಗುರಾಗುತ್ತಿತ್ತು. ಹಾಗೆ ಅನಿಸಲಿಲ್ಲ. ತನ್ನ ಹಾಗೇ ಅವರೂ ಯಾರದೋ ಪರವಾಗಿ ಬಂದು ಬಾಗಿಲಲ್ಲಿ ನಿಂತವರು. ಆದರೂ ಇನ್ನು ಮುಂದೆ ತನ್ನಿಂದಾಗದು ಎಂದ. ಸುಂದರೇಶರು ತಿಂಗಳು ರಜ ತಗೋ ಎಂದರು. ಅವನು ಮಾರನೇ ದಿನ ಆಫೀಸಿಗೆ ಹೋಗಿ, ಉಳಿದಿದ್ದ ಶಾಲುಗಳನ್ನು ಮೇಜಿನ ಮೇಲಿಟ್ಟು ಬಂದ.

ಹನ್ನೊಂದನೇ ದಿನದ ಕಾರ್ಯಕ್ಕೆ ಹಳೆಯ ನೀಲಿ ಅಂಗಿ ತೊಟ್ಟು, ಬರಿಗೈಯಲ್ಲಿ ಹೋದ. ತೇಜಸ್ವಿನಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇವತ್ತು ಯಾರು ಬಂದಿರೋದು?"

"ಗೊತ್ತಾಗ್ತಿಲ್ಲ ಕಣವ್ವ. ನಿಜವಾಗ್ಲೂ."

"ಗೊತ್ತಾಗೋವರೆಗೆ ಬಾಗಿಲಲ್ಲೇ ನಿಂತಿರ್ತೀರಾ? ಬನ್ನಿ ಒಳಗೆ, ಬಡಿಸೋಕೆ ಜನ ಸಾಲ್ದು."

ಅವನು ತೋಳು ಮಡಿಚಿ ಸಾರಿನ ಬಕೆಟ್ ಹಿಡಿದ. ಪಂಕ್ತಿಯ ಕೊನೆಯಲ್ಲಿದ್ದ ಮುದುಕನೊಬ್ಬ, "ಶಾಸಕರೇ, ಇಲ್ಲಿಗೊಂಚೂರು" ಎಂದ. ರೇವಣಸಿದ್ದ ಬಡಿಸಿ ಮುಂದೆ ಹೋದ.

ಆ ದಾರಿಗೆ ಇನ್ನೂ ಜಲ್ಲಿ ಬಿದ್ದಿಲ್ಲ. ಕಾಳಯ್ಯನವರ ಶಾಮಿಯಾನದ ಗಾಡಿಯಲ್ಲಿ ಡ್ರೈವಿಂಗ್ ಕಲಿತಿದ್ದ ರೇವಣಸಿದ್ದ ಈಗ ಹೆಬ್ಬಾಳದ ಒಂದು ಕಾರ್ಖಾನೆಗೆ ಶಿಫ್ಟಿನವರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾನೆ.