ಮೆಗ್ಗರ್ ಹಚ್ಚಿ ನೋಡಿದೆನೆಂಬ ಸುಳ್ಳು

ತುಕಾರಾಮನನ್ನು ಮಾಳಿಗೆಯಿಂದ ಬೀಳಿಸಿದವನು ನಾನು. ಅವನ ಅಜಾಗರೂಕತೆ ಎಂದು ಊರೆಲ್ಲ ನಂಬಿತ್ತು — ನಂಬಿಸಿದವನೂ ನಾನೇ. ಇಷ್ಟು ವರ್ಷ ಇದನ್ನು ನುಂಗಿಕೊಂಡು ಮರ್ಯಾದಸ್ಥನಂತೆ ತಿರುಗಾಡಿದ್ದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನಾವಿಬ್ಬರೂ ಸೇರಿ ಬೀದರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದೆವು. ಹಲಬರ್ಗಾದ ತುಕಾರಾಮ ನನಗಿಂತ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಿದ್ದ. ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ಹೊತ್ತು. ಆ ದಿನದ ಭಾಷಣ ಕೇಳಬೇಕೆಂದು ಚಿದ್ರಿಯ ವಾಚನಾಲಯದವರು ತಮ್ಮ ಹಳೆಯ ರೇಡಿಯೊ ತಂದುಕೊಟ್ಟರು.

ಆ ಸೆಟ್ಟಿನ ಒಳಮೈಗೆ ನೇರವಾಗಿ ಕರೆಂಟ್ ಬರುತ್ತಿತ್ತು. ಅದು ಏರಿಯಲ್ ತಂತಿಗೆ ಹರಿಯದಂತೆ ತಡೆಯಲು ನಡುವೆ ಇದ್ದದ್ದು ಒಂದು ಸಣ್ಣ ಕಂಡೆನ್ಸರ್ ಮಾತ್ರ. ಅದನ್ನು ಪರೀಕ್ಷಿಸಲು ನಮ್ಮ ಬ್ಯಾಟರಿ ಮೀಟರ್ ಸಾಲದು — ಸೆಲ್ಲಿನ ಅಲ್ಪ ವೋಲ್ಟಿಗೆ ಸುಮ್ಮನಿರುವ ಕಂಡೆನ್ಸರ್ ನಿಜವಾದ ಕರೆಂಟಿಗೆ ಸೋರಬಹುದು. ಹಿಡಿಕೆ ತಿರುಗಿಸಿ ಹೆಚ್ಚು ವೋಲ್ಟ್ ಹುಟ್ಟಿಸುವ ಮೆಗ್ಗರ್ ಬೇಕು. ಅದು ಇದ್ದದ್ದು ಪವರ್ ಹೌಸಿನಲ್ಲಿ. ಅಲ್ಲಿಯ ಮೇಸ್ತ್ರಿಯೊಂದಿಗೆ ನಾನು ಜಗಳಾಡಿಕೊಂಡಿದ್ದೆ. ಅವನೆದುರು ಹೋಗಿ ಕೈಯೊಡ್ಡುವುದೇ? ಬ್ಯಾಟರಿ ಮೀಟರನ್ನೇ ಹಚ್ಚಿದೆ. ಮುಳ್ಳು ಅಲುಗಲಿಲ್ಲ, ಸೋರಿಕೆ ತೋರಲಿಲ್ಲ. ಮುಚ್ಚಳ ಬಿಗಿದೆ.

ಏರಿಯಲ್ ಕಟ್ಟಲು ವಾಚನಾಲಯದ ಮಾಳಿಗೆ ಹತ್ತುವ ಮೊದಲು ತುಕಾರಾಮ ಕೇಳಿದ: "ಅಣ್ಣಾ, ಕಂಡೆನ್ಸರಿಗಿ ಮೆಗ್ಗರ್ ಹಚ್ಚಿ ನೋಡೀರೇನ್ರಿ?"

"ನೋಡೀನಿ. ಜಲ್ದಿ ಹತ್ತು."

ಕೆಳಗೆ ನಾನು ಸೆಟ್ ಹಚ್ಚಿ ಕಿವಿಗೊಟ್ಟೆ. ಮೇಲೆ ಅವನು ಏರಿಯಲ್ ತಂತಿ ಸರಿಸುತ್ತಿದ್ದ. ಒಂದು ಚೀತ್ಕಾರ — ಆಮೇಲೆ ಅಂಗಳದಲ್ಲಿ ಧೊಪ್ಪೆಂದು...

ಬಲಗೈ ಮುರಿದಿತ್ತು. ಬೆರಳುಗಳು ಮತ್ತೆಂದೂ ಪೂರ್ತಿ ಮಡಚಲಿಲ್ಲ. ಬಿದ್ದದ್ದು ಹೇಗೆಂದು ಅವನಿಗೇ ನೆನಪಿರಲಿಲ್ಲ. ಜನ ಕೇಳಿದಾಗ ನಾನು ಹೇಳಿದೆ: "ಬಾಜೂಕಿನ ಕರೆಂಟ್ ವೈರ್ ಮುಟ್ಟ್ಯಾನ್ರಿ. ಬೇಖಬರ್ ಇದ್ದ." ತಪ್ಪು ಅವನ ಅಜಾಗರೂಕತೆಯದೆಂಬ ಆ ಮಾತು ಎಷ್ಟು ಸಲೀಸಾಗಿ ಬಂತು!

ಮರುದಿನ ಪವರ್ ಹೌಸಿಗೆ ಹೋದೆ. ಮೇಸ್ತ್ರಿ ಚಹಾ ಕುಡಿಸಿ ಮೆಗ್ಗರ್ ಕೊಟ್ಟ — ಕೇಳಿದ್ದರೆ ಮೊದಲೇ ಕೊಡುತ್ತಿದ್ದ. ಹಿಡಿಕೆ ತಿರುಗಿಸಿದೆ. ಕಂಡೆನ್ಸರ್ ಸೋರುತ್ತಿತ್ತು. ಹೊಸದು ಹಾಕಿ ಬಾಯಿ ಮುಚ್ಚಿಕೊಂಡೆ. ತುಕಾರಾಮ ಕೆಲಸ ಬಿಟ್ಟು ಊರಿಗೆ ಹೋದ. ನನ್ನ ಅಂಗಡಿಗೆ ಭಾಲ್ಕಿಯಿಂದ, ಔರಾದದಿಂದ ರೇಡಿಯೊಗಳು ಬಂದವು. ನಂಬಿಕಸ್ಥ ಎಂದರು ನನ್ನನ್ನು. ಥೂ!

ಮೊನ್ನೆ ಹಲಬರ್ಗಾಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ತುಕಾರಾಮ ಕಟ್ಟೆಯ ಮೇಲೆ ಕೂತು ಕೇಳಿದ. ಬೈಯುತ್ತಾನೆಂದು ಕಾದೆ — ಬೈದಿದ್ದರೆ...

"ಕೈ ಹೋದದ್ದು ಹೋಯ್ತ್ರಿ," ಅಂದ. "ನಾನೇ ಬೇಖಬರ್ ಅಂತ ತಿಳದು, ನನ್ನ ಮಗನಿಗಿ ಒಂದ್ ವೈರ್ ಸುದ್ದಾ ಮುಟ್ಟಗೊಟ್ಟಿಲ್ರಿ. ಅವಂಗ ಈ ಕೆಲಸದ್ದು ಭಾಳ ಆಸಿ ಇತ್ತು. ಬಡದು ಬಿಡಿಸೀನ್ರಿ, ಅಣ್ಣಾ. ಈಗ ಅವನ ಮುಂದ ನಾ ಹ್ಯಾಂಗ ಹೇಳಲಿ?"

ಅವನು ಕಟ್ಟೆಯಿಂದ ಎದ್ದ.

"ನೀವೇ ಹೇಳ್ರಿ. ಹೊಲದಾಗ ಇದ್ದಾನ. ಏಳ್ರಿ."

ಅವನು ಚಪ್ಪಲಿ ಮೆಟ್ಟಿ ಮುಂದೆ ನಡೆದ. ಹಿಂತಿರುಗಿ ನೋಡಲಿಲ್ಲ. ಬದುವಿನ ಆಚೆ, ಆಗಲೇ ತಲೆ ನರೆತ ಒಬ್ಬ ಗಂಡಸು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದ. ನಾನು ಹೇಳತೊಡಗಿದೆ.