ಉಂಡು ಬಂದು ತಿದ್ದುವವರು

ಸ್ಯಾನ್ ಹೊಸೆಯ ವಿಶ್ವವಿದ್ಯಾಲಯವೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ರೊಮ್ಯಾಂಟಿಕ್ ಯುಗದ ಇಂಗ್ಲಿಷ್ ಕಾವ್ಯವನ್ನು ಬೋಧಿಸಿ ಈ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಮೈಸೂರು ಮೂಲದ ಪ್ರೊಫೆಸರ್ ನೂರುನ್ನಿಸಾ ಅವರು, ಆ ಯುಗದ ಕವಿಗಳ ಕಣ್ಣೀರಿಗಿಂತ ಅವರ ನಗುವನ್ನು ಹೆಚ್ಚು ನಂಬಿದವರು. ಎಲ್ಲರೂ ಮರೆತಿದ್ದ ಒಬ್ಬ ಸಣ್ಣ ಕವಿಯ ಪತ್ರಗಳನ್ನು ಹುಡುಕಿ, ಅವನ ಚಿಂತನೆ ಮತ್ತು ಚಾಟೂಕ್ತಿಗಳನ್ನು ಗ್ರಂಥರೂಪದಲ್ಲಿ ಉಳಿಸಿಕೊಟ್ಟವರೂ ಅವರೇ.

ನಾನು ಅವರ ಶಿಷ್ಯನಾದದ್ದು ತಲೆ ನರೆಯತೊಡಗಿದ ಮೇಲೆ. ಹಗಲೆಲ್ಲ ಸ್ಯಾನ್ ರಮೋನಿನ ಆಫೀಸು, ಶನಿವಾರ ಮೇಡಂ ಮನೆಯಲ್ಲಿ ಎಂ.ಎ. ಪ್ರಬಂಧದ ಚರ್ಚೆ. ಫ್ರೀವೇಯಲ್ಲಿ ಸಿಕ್ಕಿಕೊಂಡು ತಡವಾಗಿ ಹೋದರೆ ತಟ್ಟೆ ಮುಂದಿಡುತ್ತಿದ್ದರು. "ಮೊದ್ಲು ತಿನ್ನಿ ಅರವಿಂದ್. ಬೈಯೋದು ಆಮೇಲೆ."

ನನ್ನ ಪ್ರಬಂಧ ನಿಂತಿದ್ದುದು ಆ ಕವಿಯ ಒಂದೇ ಮಾತಿನ ಮೇಲೆ: "ನನ್ನ ಕವಿತೆಯನ್ನು ಹೊಗಳುವವರು ಊಟದ ಹೊತ್ತಿಗೆ ಬರುತ್ತಾರೆ, ತಿದ್ದುವವರು ಉಂಡು ಬರುತ್ತಾರೆ." ಮೇಡಂ ಗ್ರಂಥದ ಮುನ್ನುಡಿಯಲ್ಲಿ ಅದಿತ್ತು, ಆದರೆ ಮೂಲಪತ್ರ ನನಗೆ ಎಲ್ಲಿಯೂ ಸಿಗಲಿಲ್ಲ. ಪ್ರಬಂಧದ ಮೌಖಿಕ ಪರೀಕ್ಷೆಗೆ ವಾರವಿರುವಾಗ ಅಳುಕುತ್ತಲೇ ಕೇಳಿದೆ. ಅವರು ಗ್ರಂಥ ತೆಗೆದು ಆ ಪುಟ ನೋಡಿದರು.

"ಅದು ಅವನ ಮಾತಲ್ಲಪ್ಪ, ನಂದು. ಒಂದಿನ ಕ್ಲಾಸಲ್ಲಿ ತಮಾಷೆಗೆ ಅಂದೆ, ನೋಟ್ಸಲ್ಲಿ ಅವನ ಮಾತುಗಳ ಜೊತೆ ಸೇರ್ಕೊಳ್ತು. ಬುಕ್ ಮಾಡೋವಾಗ ನಾನೇ ಚೆಕ್ ಮಾಡ್ಲಿಲ್ಲ."

ಗ್ರಂಥದ ಎರಡನೆಯ ಮುದ್ರಣ ಆಗಷ್ಟೇ ಅಚ್ಚಿಗೆ ಹೋಗಿತ್ತು. ಕವಿಯ ಎಷ್ಟೋ ಪತ್ರಗಳು ಕಳೆದುಹೋಗಿವೆ. ಈ ಮಾತಿದ್ದ ಪತ್ರವೂ ಅವುಗಳಲ್ಲೊಂದು ಎಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. "ಹಾಗೇ ಇರಲಿ ಬಿಡಿ ಮೇಡಂ" ಎಂದು ನಾನೇ ಹೇಳಿದೆ. ಪದವಿಯ ಆಸೆ ಹಾಗೆ ಹೇಳಿಸಿತು. ಇಂದಿಗೂ ಅದಕ್ಕಾಗಿ ನಾಚುತ್ತೇನೆ.

ಅವರು ಅಂದೇ ಪ್ರಕಾಶಕರಿಗೆ ಬರೆದು ಮುದ್ರಣ ನಿಲ್ಲಿಸಿದರು. ಪರೀಕ್ಷೆಯ ದಿನ, ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು, "ತಪ್ಪು ನನ್ನದು; ಕಂಡುಹಿಡಿದವರು ನನ್ನ ವಿದ್ಯಾರ್ಥಿ" ಎಂದರು. ನನಗೆ ಆರು ತಿಂಗಳ ಕಾಲಾವಕಾಶ ಸಿಕ್ಕಿತು. ಅವರಿಗೆ ಸಿಕ್ಕಿದ್ದು ಸಹೋದ್ಯೋಗಿಗಳ ಕೊಂಕುನಗೆ, ಅದೂ ವರ್ಷಗಟ್ಟಲೆ. ಆದರೂ ಶನಿವಾರದ ತಟ್ಟೆ ತಪ್ಪಲಿಲ್ಲ. ಹೊಸದಾಗಿ ಬರೆದ ಪ್ರಬಂಧದಲ್ಲಿ ಆ ಮಾತಿನ ಕೆಳಗೆ ಮೊದಲ ಬಾರಿಗೆ ಅವರ ಹೆಸರು ಬಂತು.

ಈಗ ಅವರು ಅದೇ ಕವಿಯ ಜೀವನಚರಿತ್ರೆ ಬರೆಯುತ್ತಿದ್ದಾರೆ. ಅದನ್ನು ಮುಗಿಸಿ, ಇನ್ನೂ ಹತ್ತು ಬರೆಯುವಷ್ಟು ಆಯುಸ್ಸು, ಆರೋಗ್ಯ ಅವರದಾಗಲಿ. ಕರಡು ಓದಿಕೊಡಬೇಕೆಂದು ನನಗೆ ಹೇಳಿಕಳುಹಿಸಿದ್ದಾರೆ.

ಬರುವ ಶನಿವಾರ ಹೋಗುತ್ತೇನೆ ಮೇಡಂ. ಈ ಸಲ ಮನೆಯಲ್ಲೇ ಉಂಡು ಬರುತ್ತೇನೆ.